ಬೀಡಿ ಸೇದದವನ ಕೆಮ್ಮು

ಹೆಬ್ಬೂರಿನ ಸಂಧ್ಯಾಳ ಮನೆಯಲ್ಲಿ ಬೆಳಗಾದರೆ ಕೆಮ್ಮಿನ ಸದ್ದು. ಗಂಡ ಹನುಮಂತರಾಜು ಗುಜರಾತಿನಿಂದ ರಜೆಗೆ ಬಂದಿದ್ದ. ಅಲ್ಲಿ ಬಂದರಿನಲ್ಲಿ ಸೂಪರ್‌ವೈಸರ್ ಎಂದು ಊರಿಗೆಲ್ಲ ಹೇಳಿದ್ದ. ಬರುವಾಗ ಒಂದು ದಪ್ಪ ಬಿಳಿ ಬಟ್ಟೆ ತಂದಿದ್ದ. ಬೆಂಕಿಗೂ ಸುಡದ ಬಟ್ಟೆ. ಅದರಲ್ಲೇ ಹಿಡಿದು ಸಂಧ್ಯಾ ಮುದ್ದೆ ಪಾತ್ರೆ ಇಳಿಸುತ್ತಿದ್ದಳು.

ಆಶಾ ಕಾರ್ಯಕರ್ತೆ ಉಮಾಮಹೇಶ್ವರಿ ಬಂದು ಕೇಳಿದಳು, "ಅಣ್ಣ, ತುಮಕೂರಲ್ಲಿ ಡಾಕ್ಟರ್ ಏನಂದ್ರು?"

"ಬೀಡಿ ಬಿಡು ಅಂದ್ರು."

ಸಂಧ್ಯಾ ನಕ್ಕೇಬಿಟ್ಟಳು. "ಬೀಡಿನಾ? ಇವ್ರಿಗೆ ಬೀಡಿ ಹೊಗೆ ಕಂಡ್ರೇ ಆಗಲ್ಲ ಕಣಕ್ಕ! ರೀ, ಯಾವಾಗ ಸೇದಿದ್ರಿ?"

"ಸುಮ್ನಿರೇ."

"ಡಾಕ್ಟರ್ ಹತ್ರ ಸುಳ್ಳು ಹೇಳಿದ್ರಾ?"

ಹನುಮಂತರಾಜು ನೆಲ ನೋಡಿದ. "ಕೆಲ್ಸ ಏನು ಅಂತ ಕೇಳಿದ್ರು. ಪಕ್ಕದಲ್ಲೇ ನಮ್ಮೂರ ಚನ್ನವೀರಯ್ಯನೋರು ಕೂತಿದ್ರು. ಬೀಡಿ ಸೇದ್ತೀನಿ, ಅದಕ್ಕೇ ಕೆಮ್ಮು ಅಂದ್ಬುಟ್ಟೆ. ನಾನು ಸೂಪರ್‌ವೈಸರ್ ಅಲ್ಲ ಕಣೇ. ಹಳೇ ಹಡಗು ಒಡೆಯೋ ಕೂಲಿ. ಪೈಪಿಗೆ ಸುತ್ತಿರೋ ಈ ಬಟ್ಟೆನ ಬರಿಗೈಲಿ ಕಿತ್ತೆಸೀತೀವಿ. ಮೂಗಿಗೊಂದು ಕರ್ಚೀಫು, ಅಷ್ಟೇ. ಟ್ಯಾಂಕ್ ಒಳಗೆ ಗ್ಯಾಸ್ ಇದೆಯಾ ಅಂತ ನೋಡ್ದೆ ಕಬ್ಬಿಣ ಕೊಯ್ಯೋ ಬೆಂಕಿ ಕಟರ್ ಹಚ್ಚಿ, ನಮ್ ಜೊತೆಯೋನೊಬ್ಬ ಸುಟ್ಟೋದ. ಇದನ್ನೆಲ್ಲ ನಿಂಗೆ ಹೆಂಗ್ ಹೇಳ್ಲಿ?"

ಸಂಧ್ಯಾ ಬಟ್ಟೆ ಎತ್ತಿ ಕೊಡವಲು ಹೋದಳು.

"ಕೊಡವ್ಬೇಡ ಕಣೇ!" ಉಮಾಮಹೇಶ್ವರಿ ಕೂಗಿದಳು. "ಇದು ಆಸ್ಬೆಸ್ಟಾಸ್ ಇರ್ಬೇಕು. ಇದ್ರ ಧೂಳು ಶ್ವಾಸಕೋಶದಲ್ಲಿ ಕೂತ್ರೆ ಆಚೆ ಬರಲ್ಲ. ನೀರು ಚಿಮುಕಿಸಿ, ಕವರಿಗೆ ಹಾಕಿ ಬಿಗಿಯಾಗಿ ಕಟ್ಟು. ಎಲ್ಲಿ ಕೊಡ್ಬೇಕು ಅಂತ ಆಸ್ಪತ್ರೇಲಿ ಕೇಳ್ತೀನಿ. ಅಣ್ಣ, ನೀವು ನಿಜ ಹೇಳ್ದಿದ್ರೆ ಡಾಕ್ಟರಿಗೆ ಹೆಂಗ್ ಗೊತ್ತಾಗುತ್ತೆ?"

"ಜನ ನಗಲ್ವಾ ಅಕ್ಕ? ನಾಳಿದ್ದು ರೈಲು ಬೇರೆ."

"ನಗೋರು ನಿಮ್ ಬದ್ಲು ಉಸಿರಾಡ್ತಾರಾ?" ಸಂಧ್ಯಾಳ ಕಣ್ಣು ತುಂಬಿತು. "ನಿಮ್ ಧೂಳಿನ ಅಂಗಿ ಮಗಳ ಫ್ರಾಕ್ ಜೊತೆ ಒಗ್ದಿದೀನಿ. ಎಕ್ಸ್‌ರೇ ಆಗೋವರ್ಗೂ ರೈಲು ಹತ್ತಂಗಿಲ್ಲ."

ಮಗಳ ಮಾತು ಬಂದದ್ದೇ ಅವನು ಮುಖ ಮುಚ್ಚಿಕೊಂಡ. ಮಾರನೇ ದಿನ, ತುಮಕೂರು ಆಸ್ಪತ್ರೆಯ ಕಿಕ್ಕಿರಿದ ಹೊರರೋಗಿ ವಿಭಾಗದಲ್ಲಿ, ತಲೆ ಎತ್ತದೆ ಹೇಳಿದ: "ಸಾರ್, ನಾನು ಬೀಡಿ ಸೇದಲ್ಲ. ಹಡಗು ಒಡೀತೀನಿ." ಯಾರೂ ನಗಲಿಲ್ಲ. ಡಾಕ್ಟರು ಕುರ್ಚಿ ಹತ್ತಿರಕ್ಕೆ ಎಳೆದು, ಮೊದಲಿನಿಂದ ಹೇಳು ಅಂದರು.

ಅಕ್ಕತಂಗಿಯರೇ, ನಿಮ್ಮ ಮನೆಯವರು ದೂರದಲ್ಲಿ ಹಡಗು ಒಡೆಯುತ್ತಿರಲಿ, ಇಲ್ಲೇ ತುಮಕೂರು ಪಕ್ಕದ ಸತ್ಯಮಂಗಲದ ಶೆಡ್ಡಿನಲ್ಲಿ ಕಬ್ಬಿಣ ಕತ್ತರಿಸುತ್ತಿರಲಿ, ಡಾಕ್ಟರ ಮುಂದೆ ಕೆಲಸವನ್ನು ಮುಚ್ಚಿಡದಿರಲಿ. ಧೂಳಿನ ಬಟ್ಟೆ ಮನೆಗೆ ಬರದಿರಲಿ. ಧೂಳು ತಡೆಯುವ ಮಾಸ್ಕು, ಕೈಗವಸು ಕೊಡಬೇಕಾದವರು ಮಾಲೀಕರು, ಕೇಳಿ ಪಡೆಯಲಿ. ಇವತ್ತು ಊಟಕ್ಕೆ ಕೂತಾಗಲೇ ಮೆಲ್ಲಗೆ ಕೇಳಿ: "ನಿಮ್ಮ ಕೆಲಸದಲ್ಲಿ ಉಸಿರಿನ ಜೊತೆ ಏನೇನು ಒಳಗೆ ಹೋಗುತ್ತೆ?"