ಅತ್ತೆಯ ಸಿಆರ್‌ಪಿ

ನಮ್ಮ ಮಾವನಿಗೆ ಹೊಟ್ಟೆನೋವು ಬಂದರೆ ಇಡೀ ಬೀದಿಗೆ ಗೊತ್ತಾಗುತ್ತದೆ. ಅತ್ತೆಗೆ ಬಂದರೆ ಪಕ್ಕದಲ್ಲಿ ಕೂತವರಿಗೂ ಗೊತ್ತಾಗುವುದಿಲ್ಲ. ಅಂದು ಮಧ್ಯಾಹ್ನ ಮಾವ ಬೊಬ್ಬೆ ಹಾಕುತ್ತ ನಾನು ಕೆಲಸ ಮಾಡುವ ಆಸ್ಪತ್ರೆಗೇ ಬಂದಿಳಿದರು. ಒಂದು ಕಡೆ ಮಗ, ಅಂದರೆ ನನ್ನ ಗಂಡ, ಹಿಡಿದುಕೊಂಡಿದ್ದರು. ಹಿಂದೆ ಮಾವನ ಕನ್ನಡಕ, ಶಾಲು, ನೀರಿನ ಬಾಟಲಿ ಹೊತ್ತು ಅತ್ತೆ ಸ್ವಲ್ಪ ಬಗ್ಗಿಕೊಂಡು ಬರುತ್ತಿದ್ದರು. ಭಾರಕ್ಕೆ ಇರಬೇಕು ಎಂದುಕೊಂಡೆ.

ನಾನು ಅಲ್ಲಿಯ ಲ್ಯಾಬ್ ಟೆಕ್ನಿಷಿಯನ್. ಸ್ಟ್ರೆಚರಿನ ಮೇಲೆ ಮಲಗಿಸಿ ಸರ್ಜನ್ ಹೊಟ್ಟೆಗೆ ಕೈ ಇಡುವ ಮೊದಲೇ ಮಾವ ಕಿರುಚಿದರು. "ಮುಟ್ಟಿ ಏನೂ ಗೊತ್ತಾಗಲ್ಲ, ರಕ್ತ ನೋಡೋಣ" ಎಂದರು ಸರ್ಜನ್. ಸೂಜಿ ಕಂಡದ್ದೇ ತಡ, ಮಾವ ಕೈ ಹಿಂದಕ್ಕೆಳೆದುಕೊಂಡರು.

"ಮೊದಲು ಅವಳಿಗೆ ಚುಚ್ಚಮ್ಮ. ನೋಡ್ತೀನಿ."

ನಮ್ಮ ಮನೆಯ ಪದ್ಧತಿಯೇ ಇದು. ಸ್ನಾನದ ನೀರಿನ ಬಿಸಿಯಿಂದ ಹಿಡಿದು ಕೆಮ್ಮಿನ ಔಷಧದ ಕಹಿಯವರೆಗೆ ಎಲ್ಲವೂ ಅತ್ತೆಯ ಮೇಲೆ ಪ್ರಯೋಗವಾದ ಮೇಲೆಯೇ ಮಾವನಿಗೆ. ಅತ್ತೆ ಆಗಲೇ ಕೈ ಚಾಚಿದ್ದರು. ಮಾವನ ಜೊತೆ ವಾದಕ್ಕಿಳಿದರೆ ಸಂಜೆಯಾಗುತ್ತದೆ, ತೆಗೆದುಬಿಟ್ಟೆ. ಆಮೇಲೆ ಮಾವನೂ ಕೈ ಕೊಟ್ಟರು. ಅತ್ತೆಯ ರಕ್ತ ಚೆಲ್ಲಲು ಮನಸ್ಸಾಗದೆ ಎರಡನ್ನೂ ಯಂತ್ರಕ್ಕೆ ಕೊಟ್ಟೆ.

ಸಿಆರ್‌ಪಿ ಎಂಬುದೊಂದು ಪರೀಕ್ಷೆ. ಒಳಗೆಲ್ಲೋ ಸೋಂಕು ಎದ್ದರೆ ಅದರ ಅಂಕಿ ಏರುತ್ತದೆ. ಹತ್ತರೊಳಗಿದ್ದರೆ ನಿಶ್ಚಿಂತೆ, ನೂರು ದಾಟಿದರೆ ಸರ್ಜನ್ ಊಟ ಅರ್ಧಕ್ಕೇ ಬಿಟ್ಟು ಏಳುತ್ತಾರೆ. ಮಾವನಿಗೆ ನಾಲ್ಕು ಬಂದಿತ್ತು. ಅತ್ತೆಗೆ ಇನ್ನೂರ ಎಂಬತ್ತು. ದೇಹ ಸೋಲುತ್ತಿದೆ ಎಂದು ಸೂಚಿಸುವ ಲ್ಯಾಕ್ಟೇಟ್ ಕೂಡ ಇರಬೇಕಾದ್ದಕ್ಕಿಂತ ತುಂಬ ಮೇಲಿತ್ತು.

"ಟ್ಯೂಬ್ ಅದಲುಬದಲು ಮಾಡಿದ್ದೀಯ ಕಣೇ" ಎಂದರು ನನ್ನ ಗಂಡ.

ಮಾವನಿಗಂತೂ ತಡೆಯಲಾಗದ ಅವಮಾನ. "ನರಳಿ ನರಳಿ ಗಂಟಲು ಹರ್ಕೊಂಡವನು ನಾನು. ನಂಬರ್ ಅವಳಿಗಾ?"

ಸರ್ಜನ್ ಮಾತ್ರ ಚೀಟಿಯಿಂದ ಕಣ್ಣು ತೆಗೆಯಲಿಲ್ಲ. "ಈ ರಕ್ತ ಯಾರದ್ದೋ, ಅವರ ಹೊಟ್ಟೆಯೊಳಗೆ ಏನೋ ಒಡೆದಿರೋ ಹಾಗಿದೆ. ತಡ ಮಾಡಿದ್ರೆ ಜೀವ ಉಳಿಯಲ್ಲ. ಇನ್ನೊಂದು ಸಲ ತೆಗೀರಿ."

ನನಗೆ ನನ್ನ ಮೇಲೆಯೇ ಅನುಮಾನ ಬಂತು. ಈ ಸಲ ಟ್ಯೂಬಿನ ಮೇಲೆ ಎಲ್ಲರೆದುರೇ ಹೆಸರು ಬರೆದು ಅತ್ತೆಯ ಕೈ ಹಿಡಿದೆ. ಗ್ಲೌಸಿನ ಮೇಲಿಂದಲೂ ಸುಡುತ್ತಿತ್ತು.

"ಅತ್ತೆ, ನೋವಿದೆಯಾ?"

"ಏನಿಲ್ಲಮ್ಮ. ಮೊನ್ನೆಯಿಂದ ಸ್ವಲ್ಪ ಹಿಡ್ಕೊಂಡ ಹಾಗಿದೆ. ನೀನು ಇವರದ್ದು ನೋಡು."

ಎರಡನೇ ಫಲಿತಾಂಶಕ್ಕೆ ಸರ್ಜನ್ ಕಾಯಲಿಲ್ಲ. ಅತ್ತೆಯನ್ನು ಬೆಂಚಿನ ಮೇಲೆ ಮಲಗಿಸಿ ಹೊಟ್ಟೆ ಮುಟ್ಟಿದರು. ಹಲಗೆಯಂತೆ ಗಟ್ಟಿಯಾಗಿತ್ತು. ಅಪೆಂಡಿಕ್ಸ್ ಒಡೆದಿರಬೇಕು ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಒಂದೇ ಅಡುಗೆಮನೆಯಲ್ಲಿ ಓಡಾಡುವ ನನಗೂ ಕಾಣದ ನೋವನ್ನು ಒಂದು ಯಂತ್ರ ಕಂಡುಹಿಡಿಯಬೇಕಾಯಿತಲ್ಲ! ಖಾಲಿ ಸ್ಟ್ರೆಚರ್ ಇರಲಿಲ್ಲ. ಮಾವ ಯಾರೂ ಹೇಳದೆಯೇ ತಮ್ಮದರಿಂದ ಇಳಿದರು. ಗ್ಯಾಸೋ ಏನೋ, ಆ ಮೇಲೆ ಅವರ ಹೊಟ್ಟೆಯ ಸುದ್ದಿ ಯಾರೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಅತ್ತೆ ನನ್ನನ್ನು ಹತ್ತಿರ ಕರೆದರು. "ಇವರಿಗೆಷ್ಟು ಬಂತು?"

"ನಾಲ್ಕು, ಅತ್ತೆ."

"ನಾಲ್ಕು ಜನರ ಮುಂದೆ ಹೇಳ್ಬೇಡ. ಬೇಜಾರು ಮಾಡ್ಕೋತಾರೆ."

ಎರಡು ದಿನ ನಮಗೆ ಅನ್ನ ಇಳಿಯಲಿಲ್ಲ. ಮೂರನೇ ಬೆಳಗ್ಗೆ ಸಿಆರ್‌ಪಿ ಅರವತ್ತಕ್ಕೆ ಇಳಿದ ಚೀಟಿ ಹಿಡಿದು ವಾರ್ಡಿಗೆ ಓಡಿದೆ. ಮಾವ ಮಂಚದ ಪಕ್ಕ ನಿಂತು ದಿಂಬನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಸರಿಸುತ್ತಿದ್ದರು.

"ಅಲ್ಲಲ್ಲ, ಇನ್ನೂ ಮೇಲೆ. ನೋಯ್ತಿದೆ ಅಂತ ಬೆಳಗ್ಗೆಯಿಂದ ಬಡ್ಕೊಳ್ತಿದ್ದೀನಿ, ಕಿವಿ ಕೇಳಲ್ವಾ ನಿಮಗೆ?"

ವಾರ್ಡಿನ ಆ ತುದಿಗೂ ಕೇಳುವಂತಿತ್ತು ಅತ್ತೆಯ ದನಿ. ಮಾವ ದಿಂಬು ಸರಿಸುತ್ತಲೇ ಹೆಗಲಿಗೆ ಕಣ್ಣೊರೆಸಿಕೊಂಡರು. ನಾನು ಬಾಗಿಲಲ್ಲೇ ನಿಂತು, ಅತ್ತೆ ಇನ್ನೊಂದಿಷ್ಟು ಬೈಯಲಿ ಎಂದು ಕಾದೆ.