ಗಬ್ಬದ ಆಕಳ ಮುಂದೆ ಬೈಯಬಾರದು

ಏಳು ಹಳ್ಳ ದಾಟಿದರೆ ಸಿಗುವ ಒಂದಾನೊಂದು ಊರಿನಲ್ಲಿ ಒಂದು ಆಕಳಿತ್ತು. ಅದರ ಕಿವಿಗೆ ಕೆಟ್ಟ ಮಾತು ಬೀಳಕೂಡದೆಂದು ಆ ಊರಿನ ಸಾಹುಕಾರ ಅಪ್ಪಣೆ ಮಾಡಿದ್ದ.

ಊರು ಕೊಟ್ಟೂರಿನಿಂದ ಚಿಗಟೇರಿ ಕಡೆ ಹೋಗುವ ದಾರಿಯಲ್ಲಿದೆ, ಬಸ್ಸೂ ಹೋಗುತ್ತದೆ. ಆಕಳು ಗುಜರಾತಿನಿಂದ ಲಾರಿಯಲ್ಲಿ ಬಂದದ್ದು, ತುಂಬು ಗಬ್ಬ. ಶೆಡ್ಡಿನಲ್ಲಿ ಅದಕ್ಕೊಂದು ಫ್ಯಾನು. ಅದರ ಸಗಣಿ ಬಾಚುವ ಪಂಪಮ್ಮನೂ ತುಂಬು ಬಸುರಿ. ಅವಳನ್ನು ಬೈಯಬೇಕಾದಾಗ ಚನ್ನಬಸಪ್ಪ ಸಾಹುಕಾರ ಮೆಲ್ಲಗೆ ಕರೆದು, ಮೂವತ್ತು ಹೆಜ್ಜೆ ಆಚೆಯ ಬೇವಿನ ಮರದವರೆಗೆ ನಡೆಸಿಕೊಂಡು ಹೋಗಿ, ಅಲ್ಲಿ ಬಾಯಿ ಬಿಡುತ್ತಿದ್ದ.

"ಏನಬೇ ಬೋಸುಡಿ, ಬಕೀಟು ಧಪ್ಪಂತ ಇಡ್ತಿಯೇನು? ಆಕಳ ಬೆಚ್ಚಿಬಿತ್ತು! ನಿನ್ನ ಹೊಟ್ಟಿ ಸುಡ್ಲಿ, ಹಾದರಗಿತ್ತಿ!"

ಪ್ರತಿ ಮಾತಿಗೂ ಪಂಪಮ್ಮನ ಹೊಟ್ಟೆ ಕಲ್ಲಾಗುತ್ತಿತ್ತು. ಒಳಗಿನ ಕೂಸು ಒದೆಯುವುದನ್ನು ಬಿಟ್ಟು ಮುದುಡಿಕೊಳ್ಳುತ್ತಿತ್ತು.

ಈ ಮುದುಡುವಿಕೆ ಅವಳಿಗೆ ಗೊತ್ತಿದ್ದದ್ದೇ. ಮೊದಲ ಮಗಳು ನಾಗವೇಣಿ ಹೊಟ್ಟೆಯಲ್ಲಿದ್ದಾಗ ಇದೇ ಸಾಹುಕಾರ, ಶೇಂಗಾ ಕದ್ದಿದ್ದೀಯೆಂದು ಹೊಲದ ಆಳುಗಳೆಲ್ಲರ ಮುಂದೆ ಅವಳ ಸೀರೆ ಬಿಚ್ಚಿಸಿ ಕೊಡವಿಸಿದ್ದ. ಒಂದು ಕಾಯಿಯೂ ಬೀಳಲಿಲ್ಲ. ಅಂದಿನಿಂದ ಹೆರುವವರೆಗೂ ಅವನ ಬುಲೆಟ್ ಗಾಡಿಯ ಸದ್ದಿಗೆ ಅವಳ ಎದೆ ಡವಗುಟ್ಟುತ್ತಿತ್ತು. ನಾಗವೇಣಿಗೆ ಈಗ ನಾಲ್ಕು ವರ್ಷ. ಆ ಗಾಡಿಯ ಸದ್ದು ಕೇಳಿದರೆ ನಿಂತಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಾಳೆ. ನಿದ್ದೆಯಲ್ಲಿ ಕಿರುಚುತ್ತಾಳೆ. ಅಂಗನವಾಡಿಯಲ್ಲಿ ಯಾರಾದರೂ ಹಿಂದಿನಿಂದ ಮುಟ್ಟಿದರೆ ಕಚ್ಚುತ್ತಾಳೆ. ಗಾಳಿ ಸೋಕಿದೆ, ತಾಯತ ಕಟ್ಟಿಸು ಎಂದು ಕೇರಿಯವರು ಹೇಳಿದ್ದರು. ತಾಯತ ಕಟ್ಟಿಸಿದ್ದಳು. ಅದನ್ನೂ ಮಗಳು ಕಚ್ಚಿ ಕಿತ್ತಿದ್ದಳು.

ಸಾಹುಕಾರನ ಅಪ್ಪಣೆ ಹುಟ್ಟಿದ್ದು ದನದ ಡಾಕ್ಟರು ಗವಿಸಿದ್ದೇಶ್ ಬಂದ ದಿನ.

"ಈಯೋತನಕ ಇದರ ಮುಂದ ಯಾರೂ ಒದರಬ್ಯಾಡ್ರಿ," ಎಂದಿದ್ದರು ಅವರು, ಆಕಳ ಹೊಟ್ಟೆ ಸವರುತ್ತ. "ತಾಯಿ ಹೆದ್ರಿಕಿ ನೆತ್ತರದಾಗ ಇಳದು ಕರುವಿಗೆ ಹೋಕ್ಕೈತಿ. ಆಮ್ಯಾಲೆ ಆ ಕರು ತನ್ನ ನೆಳ್ಳು ಕಂಡ್ರೂ ಬೆದರತೈತಿ."

ಪಂಪಮ್ಮನ ಕೈಯ ಕಸಬರಿಗೆ ನಿಂತಿತ್ತು. "ಮನ್ಶಾರಿಗೂ ಹಂಗ ಏನ್ರಿ, ಸರ?"

ಡಾಕ್ಟರು ಅವಳ ಹೊಟ್ಟೆ ನೋಡಿದರು, ಸಾಹುಕಾರನ ಮುಖ ನೋಡಿದರು, ಬ್ಯಾಗಿನ ಜಿಪ್ಪು ಎಳೆದರು.

"ನಾನು ದನದ ಡಾಕ್ಟ್ರು ನೋಡವ್ವ."

ಬೇವಿನ ಮರದಡಿ ಹಾದರಗಿತ್ತಿ ಅನ್ನಿಸಿಕೊಂಡು ಬಂದ ಆ ಸಂಜೆ ಅವಳು ಮಗಳ ತಲೆ ಬಾಚುತ್ತ ಕೂತಿದ್ದಳು. ನಾಗವೇಣಿ ತಿರುಗಿ ಅವಳ ಹೊಟ್ಟೆ ತಡವಿದಳು.

"ಯವ್ವ, ಇದರ ಕಿವಿ ಯಾ ಕಡಿ ಅದಾವ? ಮುಚ್ತೀನಿ."

ಪಂಪಮ್ಮ ಮಗಳ ಕೈ ಹಿಡಿದುಕೊಂಡಳು. "ನೀ ಮುಚ್ಚಬ್ಯಾಡ. ಇದು ಹೊರಗ ಬರೋತನಕ ಒಂದು ಬೈಗುಳ ಇದರ ಕಿವಿಗೆ ಬೀಳಂಗಿಲ್ಲ. ಅವಂದೂ ಇಲ್ಲ, ನಂದೂ ಇಲ್ಲ. ನಿನ್ನಾಣಿ."

ಮರುದಿನ ಸಾಹುಕಾರ ಶೆಡ್ಡಿನ ಬಾಗಿಲಲ್ಲಿ ನಿಂತು ಪಿಸುಗುಟ್ಟಿದ. "ಹೊರಗ ಬಾ."

ಪಂಪಮ್ಮ ಆಕಳ ಕೊರಳಿಗೆ ತೋಳು ಹಾಕಿ ನಿಂತಳು. "ಇಲ್ಲೇ ಬೈರಿ, ಸಾವ್ಕಾರ್ರ."

ಅವನ ಬಾಯಿ ತೆರೆಯಿತು. ಆಕಳು ಕಿವಿ ನಿಮಿರಿಸಿತು. ಬಾಯಿ ಮುಚ್ಚಿತು.

"ಆಕಳ ಈಯ್ಲಿ. ಆಮ್ಯಾಲೆ ನಿನ್ನ ಚರ್ಮ ಸುಲೀತೀನಿ," ಎಂದ, ತೊಟ್ಟಿಲು ತೂಗುವವರ ದನಿಯಲ್ಲಿ.

ಅಂದಿನಿಂದ ಅವಳು ಶೆಡ್ಡು ಬಿಡಲಿಲ್ಲ. ಮಗಳನ್ನೂ ಅಲ್ಲಿಗೇ ಕರೆತಂದಳು. ಗಂಡ ಹುಲುಗೇಶ ಕುರಿ ಹಿಂಡಿನ ಜೊತೆ ಹೊಳೆ ಕಡೆ ಹೋದವನು ಇನ್ನೂ ಬಂದಿರಲಿಲ್ಲ. ಸೂಲಗಿತ್ತಿ ತಿಪ್ಪೇರುದ್ರಮ್ಮ ದಿನಾ ರೊಟ್ಟಿ ತರುತ್ತಿದ್ದಳು. ಒಂದು ದಿನ ಸುದ್ದಿಯನ್ನೂ ತಂದಳು.

"ನಿನ್ನ ಗುಡ್ಲು ಕೀಳಿಸಿದ ಬೇ. ಜಾಗ ತನ್ನದಂತ. ಸಪ್ಪಳಿಲ್ಲದಂಗ ಕೀಳ್ರಿ, ಆಕಳಿಗೆ ಕೇಳ್ತೈತಿ ಅಂದನಂತ, ಭಾಡ್ಯಾ."

"ಬೈಬ್ಯಾಡ, ಯತ್ತಿ," ಎಂದಳು ಪಂಪಮ್ಮ, ಹೊಟ್ಟೆಯ ಮೇಲೆ ಕೈಯಿಟ್ಟು.

ಒಂಬತ್ತನೆಯ ದಿನ ಮಧ್ಯಾಹ್ನ ಆಕಳು ಈದಿತು. ಹೆಣ್ಣು ಕರು, ಯಾವ ಬೆದರಿಕೆಯೂ ಇಲ್ಲದೆ ಎದ್ದು ನಿಂತಿತು. ಆ ಹೊತ್ತಿಗೆ ಪಂಪಮ್ಮನಿಗೆ ನೋವು ಹತ್ತಿ ಒಂದು ತಾಸಾಗಿತ್ತು. ಕರು ಹುಟ್ಟಿದ ಸುದ್ದಿ ಸಾಹುಕಾರನ ಮನೆಗೆ ಹೋಗಿತ್ತು. ಇನ್ನು ಅವನ ಬಾಯಿಗೆ ತಡೆಯಿಲ್ಲ.

"ಇನ್ನ ಎಷ್ಟೊತ್ತು, ಯತ್ತಿ?"

"ತಲಿ ಕಾಣಾಕತ್ತೈತಿ. ತಿಣುಕು!"

ದೂರದ ತಿರುವಿನಲ್ಲಿ ಬುಲೆಟ್ ಸದ್ದು ಕೇಳಿತು. ನಾಗವೇಣಿಯ ಲಂಗ ಒದ್ದೆಯಾಯಿತು. ಆದರೆ ಅವಳು ಅಡಗಲಿಲ್ಲ. ಶೆಡ್ಡಿನ ತಗಡಿನ ಬಾಗಿಲು ದೂಡಿ ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು.

ಗಾಡಿ ನಿಂತಿತು. ಮೂವರ ಹೆಜ್ಜೆ. ಪಂಪಮ್ಮ ಸೆರಗು ಕಚ್ಚಿ ಹಲ್ಲು ಕಡಿದಳು. ತಗಡಿಗೆ ಒಂದು ಗುದ್ದು ಬಿತ್ತು, ಮತ್ತೊಂದು ಬಿತ್ತು. ಮೂರನೆಯ ಸಲಕ್ಕೆ ನಾಗವೇಣಿ ಮುಗ್ಗರಿಸಿ ಬಿದ್ದಳು. ಬಾಗಿಲು ತೆರೆದುಕೊಂಡಿತು.

ಸಾಹುಕಾರ ನಿಂತಿದ್ದ. ಹಿಂದೆ ಇಬ್ಬರು ಆಳುಗಳು, ಕೈಯಲ್ಲಿ ಬಡಿಗೆ.

ತಿಪ್ಪೇರುದ್ರಮ್ಮನ ಮಡಿಲಲ್ಲಿ ಕೂಸು ಅತ್ತಿತು.

"ಹೊರಗ ಬಂತು, ನಾಗೀ," ಎಂದು ಪಂಪಮ್ಮ ಮಗಳಿಗೆ ಹೇಳಿದಳು.

ಹೇಳಿ, ನೆತ್ತರ ಕೈಯನ್ನು ನೆಲಕ್ಕೂರಿ ಎದ್ದು ಕೂತು, ಸಾಹುಕಾರ ಬಾಯಿ ತೆರೆಯುವ ಮೊದಲೇ ಶೆಡ್ಡು ನಡುಗುವಂತೆ ಒದರಿದಳು.

"ಲೇ ಚನ್ನಬಸ್ಯಾ!"