ಬೆನ್ನು ತಿರುಗಿಸಿ ಆಡಿದ ಮಾತು

ನೇಕಾರ ತನ್ನ ಹೆಂಡತಿಯ ಜೊತೆ ಇಪ್ಪತ್ತು ವರ್ಷ ಮಾತಾಡಿದ್ದು ಬೆನ್ನು ತಿರುಗಿಸಿಕೊಂಡೇ. ಜಗಳವಾಡಿ ಹಾಗೆ ಕೂತಿದ್ದನೆಂದು ತಿಳಿಯಬೇಡಿ. ಮಗ್ಗಕ್ಕೆ ಬೆಳಕು ಬೇಕು, ಮನೆಗೆ ಇದ್ದದ್ದು ಒಂದೇ ದೊಡ್ಡ ಕಿಟಕಿ. ಅದಕ್ಕೇ ಮಗ್ಗದ ಗುಂಡಿಯನ್ನು ಕಿಟಕಿಯ ಕಡೆಗೆ ಮುಖವಾಗುವಂತೆ ತೋಡಿದ್ದರು. ಅವನು ಗುಂಡಿಯೊಳಗೆ ಕಾಲು ಇಳಿಬಿಟ್ಟು ಕಿಟಕಿ ನೋಡುತ್ತ ಕೂತರೆ, ಅವಳು ಹಿಂದಿನ ಗೋಡೆಗೆ ಒರಗಿ ರಾಟೆಯಲ್ಲಿ ನೂಲು ಸುತ್ತುತ್ತ ಕೂರುತ್ತಿದ್ದಳು. ಲಾಳಿ ಎಡದಿಂದ ಬಲಕ್ಕೆ ಓಡುವಾಗ ಅವನು ಅರ್ಧ ಮಾತು ಹೇಳಿದರೆ, ಅದು ವಾಪಸು ಬರುವಷ್ಟರಲ್ಲಿ ಉಳಿದರ್ಧವನ್ನು ಅವಳೇ ಹೇಳಿ ಮುಗಿಸುತ್ತಿದ್ದಳು. ಅವರಿಗೆ ಮಕ್ಕಳಾಗಲಿಲ್ಲ. ಮನೆಯಲ್ಲಿ ಇದ್ದ ಮಾತೆಲ್ಲ ಆ ಇಬ್ಬರದೇ. ಬೀದಿಯಲ್ಲಿ ಯಾರ ಮೂಗು ಯಾಕೆ ಕೆಂಪಾಗಿದೆ ಎಂಬಲ್ಲಿಂದ ಹಿಡಿದು, ತಮ್ಮಿಬ್ಬರಲ್ಲಿ ಯಾರು ಮೊದಲು ಸತ್ತರೆ ಒಳ್ಳೆಯದು ಎಂಬವರೆಗೆ ಎಲ್ಲವನ್ನೂ ಅವರು ಹೀಗೆಯೇ, ಒಬ್ಬರ ಮುಖ ಒಬ್ಬರು ನೋಡದೆ ಮಾತಾಡಿ ಮುಗಿಸಿದ್ದರು.

ಆಮೇಲೆ ಗಿರಣಿ ಬಂತು. ಯಾರ ಮೇಲಿನ ಹಗೆಗೂ ಅದು ಬಂದದ್ದಲ್ಲ. ಹೊಳೆಯಲ್ಲಿ ಬೇಕಾದಷ್ಟು ನೀರಿತ್ತು, ಆಚೆಯ ಗುಡ್ಡವನ್ನು ಬಗೆದರೆ ಕಲ್ಲಿದ್ದಲು ಸಿಕ್ಕಿತು, ನೇಕಾರರು ತಲೆತಲಾಂತರದಿಂದ ನೇಯ್ದುಕೊಟ್ಟ ಬಟ್ಟೆಯ ಲಾಭ ನೂಲಿನ ಸಾಹುಕಾರನ ಪೆಟ್ಟಿಗೆಯಲ್ಲಿ ಕೈಕಟ್ಟಿ ಕೂತಿತ್ತು. ಮೂರೂ ಸೇರಿದ ಮೇಲೆ ಹೊಗೆಕೊಳವೆ ಏಳುವುದಕ್ಕೆ ಎಷ್ಟು ಹೊತ್ತು ಬೇಕು? ಒಂದು ಉಗಿಯಂತ್ರ ಒಂದೇ ಸೂರಿನಡಿ ನೂರಾರು ಮಗ್ಗಗಳನ್ನು ಕುಣಿಸತೊಡಗಿತು. ಬಟ್ಟೆ ಅಗ್ಗವಾಯಿತು. ಆ ಅಗ್ಗದ ಬಟ್ಟೆಯನ್ನು ಕದ್ದುಮುಚ್ಚಿ ಕೊಂಡು ಉಟ್ಟವರಲ್ಲಿ ನೇಕಾರರ ಮನೆಯವರೂ ಇದ್ದರು, ಅದನ್ನು ಮಾತ್ರ ಇವತ್ತಿಗೂ ಯಾರೂ ಬಾಯಿಬಿಡುವುದಿಲ್ಲ. ಸಾಹುಕಾರ ಮನೆಮನೆಗೆ ನೂಲು ಕೊಡುವುದನ್ನು ನಿಲ್ಲಿಸಿದ. ಗಿರಣಿಗೆ ಬೇಡವಾದ ಒರಟು ಹೊದಿಕೆಗೆ ಬೇಕಾಗುವಷ್ಟು ದಪ್ಪ ನೂಲು ಮಾತ್ರ ಆಗೀಗ ಸಿಗುತ್ತಿತ್ತು.

ಕೆಲಸ ಕೇಳಿಕೊಂಡು ಗಂಡಸರು ಗಿರಣಿಯ ಬಾಗಿಲಿಗೆ ಹೋದರೆ ಮೇಸ್ತ್ರಿ ಅವರ ಕೈ ನೋಡಿ ಬೇಡವೆಂದು ತಲೆಯಾಡಿಸಿದ. ಅವನಿಗೆ ಹೆಂಗಸರು ಬೇಕಿತ್ತು. ಬೆರಳು ಸಪೂರ, ಕೂಲಿ ಕಡಿಮೆ, ಎದುರುತ್ತರ ಇಲ್ಲ ಎಂಬುದು ಅವನ ಲೆಕ್ಕ. ಎದುರುತ್ತರದ ವಿಷಯದಲ್ಲಿ ಅವನು ಎಷ್ಟು ಮೋಸಹೋದ ಎಂಬುದು ಬೇರೆಯೇ ಕಥೆ. ಪಕ್ಕದ ಮನೆಯಲ್ಲಿದ್ದ ಅತ್ತಿಗೆ, ಅಂದರೆ ನೇಕಾರನ ತೀರಿಹೋದ ಅಣ್ಣನ ಹೆಂಡತಿ, ಮೊದಲು ಸೇರಿದಳು. ಮಾರನೆಯ ತಿಂಗಳು ಅವಳ ಹಿಂದೆಯೇ ನೇಕಾರನ ಹೆಂಡತಿಯೂ ಹೋದಳು. ಹೋಗಬೇಡ ಅನ್ನುವ ಬಾಯಿ ಅವನಿಗಿರಲಿಲ್ಲ, ಹೋಗು ಅನ್ನುವ ಮನಸ್ಸೂ ಇರಲಿಲ್ಲ.

ಮೊದಮೊದಲು ಅವಳು ಸಂಜೆ ಕೂದಲಿನಿಂದ ಹತ್ತಿಯ ಧೂಳು ಕೊಡವುತ್ತ ಎಲ್ಲವನ್ನೂ ಹೇಳುತ್ತಿದ್ದಳು. ಒಳಗೆ ಮಗ್ಗಗಳ ಸದ್ದಿಗೆ ತನ್ನ ಕೂಗು ತನಗೇ ಕೇಳುವುದಿಲ್ಲವಂತೆ. ಅಲ್ಲಿನ ಹೆಂಗಸರು ದನಿ ಹೊರಡಿಸುವುದನ್ನೇ ಬಿಟ್ಟು, ಬರೀ ತುಟಿ ಅಗಲಿಸಿ, ಕುಗ್ಗಿಸಿ, ಈ ತುದಿಯಿಂದ ಆ ತುದಿಗೆ ಮಾತಾಡುತ್ತಾರಂತೆ. ಮೇಸ್ತ್ರಿ ನಡುವೆ ನಿಂತಿದ್ದರೂ ಅವನ ತಲೆಯ ಮೇಲೆಯೇ ಅವನನ್ನು ಬೈಯಬಹುದಂತೆ. ನೇಕಾರ ಲಾಳಿ ಎಸೆಯುತ್ತ ನಗುತ್ತಿದ್ದ. ಅವಳು ತಂದ ಸುದ್ದಿ ಅವನಿಗೆ ಊಟಕ್ಕಿಂತ ಹೆಚ್ಚಾಗಿತ್ತು.

ವರ್ಷಗಳು ಕಳೆದವು. ಅವಳ ಮಾತು ಸ್ವಲ್ಪಸ್ವಲ್ಪವೇ ಕಡಿಮೆಯಾಯಿತು, ಆಮೇಲೆ ಉತ್ತರವೂ ನಿಂತಿತು. ಅವನು ಗುಂಡಿಯಲ್ಲಿ ಕೂತು ಏನೋ ಕೇಳುತ್ತಾನೆ, ಹಿಂದೆ ಅವಳು ಪಾತ್ರೆ ಉಜ್ಜುತ್ತಲೇ ಇರುತ್ತಾಳೆ. ಅವನದು ಮೊದಲೇ ಮೆತ್ತನೆಯ ದನಿ. ಎರಡನೆಯ ಸಲ ಕೇಳುವುದೆಂದರೆ ಅವನಿಗೆ ಭಿಕ್ಷೆ ಬೇಡಿದ ಹಾಗೆ, ಆದ್ದರಿಂದ ಕೇಳುತ್ತಿರಲಿಲ್ಲ. ಒಮ್ಮೊಮ್ಮೆ ಅವಳು ಇದ್ದಕ್ಕಿದ್ದಂತೆ ಬೀದಿಗೆಲ್ಲ ಕೇಳುವ ಹಾಗೆ "ಊಟಕ್ಕೆ ಏಳ್ರೀ!" ಎಂದು ಅರಚುತ್ತಿದ್ದಳು. ದುಡಿದು ತರುವವಳ ಗತ್ತು ಇದು, ಮನೆಯಲ್ಲಿ ಕೂತವನ ಮಾತು ಈಗ ಇವಳಿಗೆ ಲೆಕ್ಕಕ್ಕಿಲ್ಲ ಎಂದು ಅವನು ಒಳಗೇ ಕುದ್ದ.

ಇದಕ್ಕಿಂತ ಹೆಚ್ಚು ಹೊಟ್ಟೆ ಉರಿಸುತ್ತಿದ್ದದ್ದು ಸಂಜೆಯ ಬಾವಿಕಟ್ಟೆ. ಕಿಟಕಿಯಿಂದ ಅದು ನೇರ ಕಾಣುತ್ತಿತ್ತು. ಅಲ್ಲಿ ಅವನ ಹೆಂಡತಿ, ಅತ್ತಿಗೆ, ಗಿರಣಿಯ ಇನ್ನಷ್ಟು ಹೆಂಗಸರು ಕೊಡ ಇಳಿಸಿ ನಿಂತು, ಒಂದು ಚೂರೂ ಸದ್ದಿಲ್ಲದೆ ಬಾಯಿ ಆಡಿಸುತ್ತಿದ್ದರು. ಅದೇನು ಹರಟೆ, ಅದೇನು ನಗು! ಮನೆಯಲ್ಲಿ ತುಟಿ ಪಿಟಕ್ಕೆನ್ನದವಳು ಅಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಒಂದು ದಿನ ಅವರೆಲ್ಲ ಕಿಟಕಿಯತ್ತ ತಿರುಗಿ ಅವನನ್ನೇ ನೋಡಿದರು. ಹೆಂಡತಿ ಮೂಗಿನ ಕೆಳಗೆ ಬೆರಳಿಟ್ಟು ಏನೋ ಅಭಿನಯಿಸಿದಳು, ಉಳಿದವರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಅವನು ಕಿಟಕಿಯ ಬಾಗಿಲನ್ನು ದಢಾರನೆ ಮುಚ್ಚಿದ. ಬೆಳಕು ಹೋಯಿತು, ಆ ಸಂಜೆಯ ನೇಯ್ಗೆಯೂ ಹೋಯಿತು. ಕತ್ತಲೆಯಲ್ಲಿ ಒಬ್ಬನೇ ಕೂತಾಗ ಅವನಿಗೆ ಅಳು ಬಂತು.

ಅಂದಿನಿಂದ ಅವನು ಕೇಳುವುದನ್ನು ಬಿಟ್ಟು ಚುಚ್ಚುವುದಕ್ಕೆ ಹಿಡಿದ. ಲಾಳಿ ಆಡಿಸುತ್ತ, ಕಿಟಕಿ ನೋಡುತ್ತ, ಬಾಯಿಗೆ ಬಂದದ್ದನ್ನೆಲ್ಲ ಅನ್ನುತ್ತಿದ್ದ. ಗಿರಣಿಯನ್ನೇ ಕಟ್ಟಿಕೋ ಅಂದ. ನಾನು ಇಲ್ಲೇ ಸತ್ತು ಬಿದ್ದರೂ ದಾಟಿಕೊಂಡು ಹೋಗುವವಳು ನೀನು ಅಂದ. ಹಿಂದಿನಿಂದ ಒಂದು ಸೊಲ್ಲೂ ಬರುತ್ತಿರಲಿಲ್ಲ. ಒಂದು ಸಲ ಅವನು ತೀರ ಕೆಟ್ಟದ್ದೊಂದನ್ನು ಅಂದು ಮುಗಿಸಿದ ಗಳಿಗೆಯಲ್ಲೇ ಅವಳು ಬಂದು ಪಕ್ಕದಲ್ಲಿ ನೀರಿನ ಲೋಟ ಇಟ್ಟು, ಅವನ ಹೆಗಲ ಮೇಲಿದ್ದ ನೂಲಿನ ತುಂಡನ್ನು ಹೆಕ್ಕಿ ತೆಗೆದು ಹೋದಳು. ಎಂಥ ಸೊಕ್ಕು ನೋಡಿ ಎಂದು ಅವನು ಅದನ್ನೂ ಅವಳ ತಪ್ಪಿನ ಗಂಟಿಗೇ ಸೇರಿಸಿದ.

ಹೀಗಿರುವಾಗ ಉದ್ದಕಾಲ ಬಂದ. ಅವನು ಇವನ ಹಳೆಯ ಜೊತೆಗಾರ, ಅವನೂ ನೇಕಾರನೇ, ಅಳತೆ ತಪ್ಪಿ ಬೆಳೆದ ಕಾಲಿನಿಂದ ಬೀದಿಯಿಟ್ಟ ಹೆಸರು ಅದು. ಹೊಳೆ ಹರಿಯುವ ದಿಕ್ಕಿನಲ್ಲಿ ಮೂರು ದಿನ ನಡೆದರೆ ಒಂದು ಊರು, ಅಲ್ಲಿಗೆ ಗಿರಣಿ ಇನ್ನೂ ಕಾಲಿಟ್ಟಿಲ್ಲ, ಕೈಮಗ್ಗದವರಿಗೆ ಅಲ್ಲಿ ಇನ್ನೂ ಮರ್ಯಾದೆ ಇದೆ ಎಂದ. "ಬರೋ ವಾರ ಗಾಡಿ ಕಟ್ತೀನಿ. ಬರೋದಾದ್ರೆ ಮಗ್ಗ ಬಿಚ್ಚಿಡು. ಮನೆಯವಳನ್ನ ಕೇಳು ಮೊದಲು."

ನೇಕಾರ ಕೇಳಿದ. ಎಲ್ಲಿ ಕೂತು ಕೇಳಬೇಕೋ ಅಲ್ಲೇ ಕೂತು ಕೇಳಿದ. ಇಪ್ಪತ್ತು ವರ್ಷದ ದೊಡ್ಡ ಮಾತುಗಳೆಲ್ಲ ಆಗಿದ್ದು ಆ ಗುಂಡಿಯಿಂದಲೇ ತಾನೆ? ಲಾಳಿಯನ್ನು ನಿಲ್ಲಿಸಿದ. ನೂಲಿನ ಮೇಲೆ ಕೈಯಿಟ್ಟುಕೊಂಡು, ಕಿಟಕಿಯ ಆಚೆ ನೋಡುತ್ತ, ವರ್ಷಗಳಲ್ಲಿ ಮೊದಲ ಸಲ ಚುಚ್ಚುಮಾತಿಲ್ಲದೆ ಹೇಳಿದ.

"ನೋಡೇ, ನನಗೆ ಇಲ್ಲಿ ಆಗ್ತಿಲ್ಲ. ಉದ್ದಕಾಲನ ಜೊತೆ ಹೊರಟುಹೋಗೋಣ ಅಂತಿದ್ದೀನಿ. ನೀನು ಬಂದ್ರೆ ಮೊದಲಿನ ಹಾಗೇ ಇರಬಹುದು. ಬರ್ತೀಯಾ? ಬರಲ್ಲ ಅಂದ್ರೂ ಬೈಯಲ್ಲ. ಬಾಯಿಬಿಟ್ಟು ಹೇಳಿಬಿಡು."

ಅವನು ಕಾದ. ಹಿಂದೆ ಅವಳು ಚಾಪೆ ಕೊಡವಿ ಹಾಸಿದಳು, ಮಲಗಿದಳು, ಸ್ವಲ್ಪ ಹೊತ್ತಿಗೆ ಗೊರಕೆಯೂ ಶುರುವಾಯಿತು. ಸರಿ, ಉತ್ತರ ಸಿಕ್ಕಿತು ಎಂದುಕೊಂಡ.

ಗಾಡಿ ಬರುವ ಹಿಂದಿನ ದಿನ, ಅವಳು ಗಿರಣಿಗೆ ಹೋದ ಮೇಲೆ, ಅವನು ಮಗ್ಗ ಬಿಚ್ಚಿದ. ಅರ್ಧ ನೇಯ್ದ ಹೊದಿಕೆಯನ್ನು ಕತ್ತರಿಸಿ ಸುತ್ತಿಟ್ಟ. ಮರದ ತುಂಡುಗಳನ್ನು ಒಂದೊಂದೇ ಕಳಚಿ ಹಗ್ಗ ಬಿಗಿಯುತ್ತಿದ್ದಾಗ ಅತ್ತಿಗೆ ಬಾಗಿಲಲ್ಲಿ ನಿಂತಳು. ಬೆರಳಿಗೆ ಪೆಟ್ಟಾಗಿ ಅವಳು ಎರಡು ದಿನದಿಂದ ಮನೆಯಲ್ಲಿದ್ದಳು. ಗಿರಣಿಯ ಸದ್ದಿಗೆ ಅವಳ ಕಿವಿ ಮಂದವಾಗಿತ್ತು. ಮಾತಾಡಿದರೆ ಜಗಳಕ್ಕೆ ಬಂದ ಹಾಗಿರುತ್ತಿತ್ತು.

"ಏನೋ ಇದು ಮೈದುನಾ? ಎಲ್ಲಿಗೆ ಸವಾರಿ?"

ಅವನು ಹೇಳಿದ. ಅವಳು ಹತ್ತಿರ ಬಂದು, ಗಲ್ಲ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಂಡು, ಇನ್ನೊಮ್ಮೆ ಜೋರಾಗಿ ಹೇಳಿಸಿದಳು.

"ಅವಳಿಗೆ ಹೇಳಿದ್ದೀಯಾ?"

"ಹೇಳ್ದೆ ಅತ್ತಿಗೆ. ಉತ್ತರ ಕೊಡಲಿಲ್ಲ. ಮಲಗಿಬಿಟ್ಲು."

"ಎಲ್ಲಿದ್ದುಕೊಂಡು ಹೇಳಿದೆ?"

"ಎಲ್ಲಿದ್ದುಕೊಂಡು ಅಂದ್ರೆ? ಮಗ್ಗದಲ್ಲಿ."

ಅತ್ತಿಗೆ ಹಣೆ ಚಚ್ಚಿಕೊಂಡಳು. "ಅಯ್ಯೋ ದಡ್ಡ ಶಿಖಾಮಣಿ! ಅವಳಿಗೆ ಕಿವಿ ಎಲ್ಲಿದೆ? ನನಗಾದ್ರೂ ಕೂಗಿದ್ರೆ ಕೇಳುತ್ತೆ. ಅವಳಿಗೆ ಅದೂ ಇಲ್ಲ. ಮುಖ ಕಂಡರೆ ಮಾತು, ಇಲ್ಲದಿದ್ರೆ ಇಲ್ಲ. ನೀನು ಗೋಡೆಗೆ ಹೇಳಿದ್ದೀಯ."

"ನನಗೆ ಯಾಕೆ ಹೇಳಲಿಲ್ಲ ಅವಳು?"

"ಹೆಂಗೆ ಹೇಳ್ತಾಳೆ? ನಿನಗೆ ಅವಳ ಹತ್ರ ಬೇಕಾಗಿದ್ದಿದ್ದೇ ಮಾತು. ಕಿವುಡಿ ಅಂತ ಗೊತ್ತಾದ್ರೆ ಮಾತಾಡಿಸೋದೇ ಬಿಡ್ತಾರೆ ಅಂತ ಹೆದರಿಕೊಂಡ್ಲು. ಊಟಕ್ಕೆ ಕೂತಾಗ ನಿನ್ನ ಬಾಯಿ ನೋಡಿ ತಿಳಕೊಳ್ಳೋಣ ಅಂದ್ರೆ, ಅಲ್ಲಿ ಕಾಣೋದೇನು? ಆ ಪೊದೆ." ಅತ್ತಿಗೆ ಅವನ ಮೀಸೆಯತ್ತ ಕೈ ತೋರಿಸಿದಳು. ಮೇಲ್ದುಟಿಯನ್ನೂ ಮುಚ್ಚಿ ಕೆಳದುಟಿಗೂ ಇಳಿದಿದ್ದ ಮೀಸೆ ಅದು. "ಈ ಮೀಸೆಯೊಳಗಿಂದ ಮಾತು ಹೆಂಗೆ ಹುಡುಕೋದು ಅಂತ ಬಾವಿಕಟ್ಟೇಲಿ ನಮ್ಮನ್ನೆಲ್ಲ ಕೇಳ್ತಿದ್ಲು. ನಮಗೆ ನಗು ತಡೆಯೋಕಾಗಲಿಲ್ಲ."

ನೇಕಾರ ಕೈಯಲ್ಲಿದ್ದ ಹಗ್ಗವನ್ನು ಅಲ್ಲೇ ಬಿಟ್ಟ. ಮೈಮೇಲಿನ ಧೂಳನ್ನೂ ಕೊಡವದೆ, ನೇರ ಕ್ಷೌರಿಕನ ಅಂಗಡಿಗೆ ಹೋದ.

"ಯಾರ ಹತ್ರ ಪಂದ್ಯ ಸೋತ್ರಿ?" ಎಂದು ಕ್ಷೌರಿಕ ಕತ್ತಿ ಮಸೆಯುತ್ತ ಕೇಳಿದ. ಬೆಂಚಿನ ಮೇಲಿದ್ದವರು ನಕ್ಕರು. ಇನ್ನೊಂದು ದಿನವಾಗಿದ್ದರೆ ಅವನು ಎದ್ದುಬರುತ್ತಿದ್ದ. ಇವತ್ತು ಕಣ್ಣು ಮುಚ್ಚಿ ಮುಖ ಕೊಟ್ಟ. ಹೊರಗೆ ಬಂದಾಗ ಗಾಳಿ ಸೋಕಿ ಮೇಲ್ದುಟಿ ತಣ್ಣಗಾಯಿತು, ಬೀದಿಯಲ್ಲಿ ಅರೆಬೆತ್ತಲೆ ಹೊರಟ ಹಾಗೆ ನಾಚಿಕೆಯಾಯಿತು.

ಸಂಜೆ ಅವಳು ಬಂದಳು. ಬಾಗಿಲಲ್ಲಿ ಅವನ ಮುಖ ನೋಡಿ ಬಾಯಿಗೆ ಕೈಯಿಟ್ಟುಕೊಂಡು ನಕ್ಕಳು. ಎಷ್ಟು ವರ್ಷಗಳ ಮೇಲೆ ಈ ಮನೆಯಲ್ಲಿ ಆ ನಗು! ಆಮೇಲೆ ಅವಳ ಕಣ್ಣು ಖಾಲಿ ಗುಂಡಿಯ ಮೇಲೆ, ಹಗ್ಗ ಬಿಗಿದ ಮರಗಳ ಮೇಲೆ ಬಿತ್ತು. ನಗು ಅಲ್ಲಿಗೇ ನಿಂತಿತು.

"ಎಲ್ಲಿಗೆ ಹೋಗ್ತಿದ್ದೀರಿ?" ಅವಳು ಕಿರುಚಿಯೇ ಕೇಳಿದಳು. ಅದು ಗತ್ತಲ್ಲ, ತನ್ನ ದನಿ ಎಷ್ಟೆಂದು ಅವಳಿಗೇ ತಿಳಿಯದು ಎಂಬುದು ಅವನಿಗೆ ಈಗ ಅರ್ಥವಾಯಿತು.

ಅವನು ಅವಳನ್ನು ಕಿಟಕಿಯ ಬೆಳಕಿಗೆ ಕರೆತಂದು ಎದುರು ಕೂರಿಸಿಕೊಂಡ. ಎದುರೆದುರು ಮಾತಾಡಿ ಅವನಿಗೆ ರೂಢಿಯೇ ಇಲ್ಲ. ಕಣ್ಣು ಎಲ್ಲಿಡಬೇಕೆಂದು ತಿಳಿಯದೆ ತಡವರಿಸಿದ. ಊರಿನ ಸುದ್ದಿ, ಗಾಡಿಯ ಸುದ್ದಿ, ಮಗ್ಗದಲ್ಲಿ ಕೂತು ತಾನು ಕೇಳಿದ್ದು, ಎಲ್ಲವನ್ನೂ ತುಟಿ ಅಗಲಿಸಿ ನಿಧಾನವಾಗಿ ಹೇಳಿದ. ಅವಳ ದೃಷ್ಟಿ ಅವನ ಬಾಯಿಂದ ಕದಲಲಿಲ್ಲ.

"ಬರ್ತೀಯಾ?" ಎಂದು ಕೊನೆಗೆ ಕೇಳಿದ.

ಅವಳು ಇಲ್ಲವೆಂದು ತಲೆಯಾಡಿಸಿದಳು. "ಅಲ್ಲಿ ಗಿರಣಿ ಇಲ್ಲ ಅಂತೀರಿ. ಅಂದ್ರೆ ನಮ್ಮ ಥರ ಬರೀ ತುಟೀಲಿ ಮಾತಾಡೋರು ಒಬ್ಬರೂ ಇರಲ್ಲ. ಈ ಬೀದೀಲಿ ನಾನು ಎಲ್ಲರ ಹಾಗೇ ಇದ್ದೀನಿ. ಆ ಊರಲ್ಲಿ ನಾನು ಬರೀ ಕಿವುಡಿ. ನೀವು ಹೋಗಿ. ನಾನು ತಡೆಯಲ್ಲ. ಇಲ್ಲಿ ನಿಮಗೆ ಯಾರೂ ಇಲ್ಲ, ನನಗೆ ಗೊತ್ತು."

ಅದು ನಿಜವಾಗಿತ್ತು. ಇದ್ದರೆ ಅವನು ಈ ಬೀದಿಯಲ್ಲಿ ಪರದೇಶಿ, ಹೋದರೆ ಅವಳು ಆ ಊರಿನಲ್ಲಿ ಪರದೇಶಿ. ಇಬ್ಬರಿಗೂ ಒಗ್ಗುವ ಜಾಗ ಇನ್ನು ಭೂಮಿಯ ಮೇಲೆ ಇರಲಿಲ್ಲ. ಒಬ್ಬರು ಒಂಟಿಯಾಗಲೇಬೇಕಿತ್ತು. ಅವನು ಹಗ್ಗ ಬಿಗಿದ ಮರಗಳತ್ತ ಕೈ ತೋರಿಸಿದ.

"ಮಗ್ಗ ಉದ್ದಕಾಲನ ಗಾಡಿಗೆ ಹೋಗಲಿ," ಎಂದ. "ನಾನು ಹೋಗಲ್ಲ."

ಅವಳು ಅರ್ಥವಾಗಲಿಲ್ಲವೆಂಬಂತೆ ಹುಬ್ಬೇರಿಸಿದಳು. ಅರ್ಥವಾಗಿತ್ತು, ಇನ್ನೊಮ್ಮೆ ಹೇಳಿಸಿಕೊಳ್ಳುವ ಆಸೆ. ಅವನು ಇನ್ನೊಮ್ಮೆ ಹೇಳಿದ. ಅವಳು ಕಣ್ಣೊರೆಸಿಕೊಂಡು, ಮಗುವಿನ ಹಾಗೆ ಅವನ ಮೊಣಕಾಲು ಅಲುಗಿಸಿದಳು.

"ಇಷ್ಟು ವರ್ಷ ಮಗ್ಗದಲ್ಲಿ ಕೂತು ನನಗೆ ಏನೇನೋ ಹೇಳ್ತಿದ್ರಿ ಅಲ್ವಾ? ಹಿಂದಿನಿಂದ ನಿಮ್ಮ ದವಡೆ ಆಡೋದು ಕಾಣ್ತಿತ್ತು. ಏನಂದ್ರು, ಏನಂದ್ರು ಅಂತ ನಾನು ಒಳಗೊಳಗೇ ಸಾಯ್ತಿದ್ದೆ. ಈಗ ಹೇಳಿ. ಒಂದೂ ಬಿಡದೆ ಹೇಳಿ."

ಅವನು ನೆನಪಿಸಿಕೊಂಡ. ಮೊದಲು ನೆನಪಿಗೆ ಬಂದದ್ದು ಒಂದು ಬೈಗುಳ. ಅದನ್ನು ಬಿಟ್ಟು ಅದರ ಹಿಂದಿನದನ್ನು ಹುಡುಕಿದ, ಅದೂ ಬೈಗುಳವೇ. ಎಷ್ಟು ಕೆದಕಿದರೂ ಒಂದು ಒಳ್ಳೆಯ ಮಾತು ಕೈಗೆ ಸಿಗಲಿಲ್ಲ. ಎದುರಿಗೆ ಅವಳು ಅವನ ಬೋಳು ತುಟಿಯನ್ನೇ ನೋಡುತ್ತ ಕಾಯುತ್ತಿದ್ದಳು.

"ನಿನ್ನ ಕೂದಲಲ್ಲಿ ಹತ್ತಿ ಕೂತಿದೆ, ಚೆನ್ನಾಗಿ ಕಾಣುತ್ತೆ ಅಂದೆ," ಎಂದ. "ಬೇಗ ಮಲಕೋ, ದಣಿದಿದ್ದೀಯ ಅಂದೆ. ನೀನು ಇಲ್ಲದಾಗ ಮನೆ ಬಿಕೋ ಅನ್ನುತ್ತೆ ಅಂದೆ."

ಅವಳು ಒಂದೊಂದು ಮಾತನ್ನೂ ಅವನ ತುಟಿಯಿಂದ ಎತ್ತಿಕೊಂಡಳು. ಆಮೇಲೆ ಒಮ್ಮೆ ಅವನ ಕಣ್ಣನ್ನೂ ನೋಡಿದಳು.

"ಸುಳ್ಳು," ಎಂದಳು, ಇಡೀ ಬೀದಿಗೆ ಕೇಳುವ ಹಾಗೆ. "ಪರವಾಗಿಲ್ಲ, ಇನ್ನೂ ಹೇಳಿ."